ನಮ್ಮ ವಾಯುಪಡೆಯಲ್ಲಿ ಇಷ್ಟೊಂದು ಬಗೆಯ ವಿಮಾನ ಯಾಕೆ?

ಪ್ರಶ್ನೆ: ಮಿಗ್-21 ನಿವೃತ್ತಿಯಾದ ಸುದ್ದಿ ಓದಿದ ಮೇಲೆ ಭಾರತೀಯ ವಾಯುಪಡೆ ಶುರುವಿನಿಂದ ಹಾರಿಸಿದ ವಿಮಾನಗಳ ಪಟ್ಟಿ ನೋಡಿದೆ. ಇಂಗ್ಲೆಂಡಿನದು, ಫ್ರಾನ್ಸಿನದು, ರಷ್ಯಾದ್ದು, ಅಮೆರಿಕದ್ದು, ಮಧ್ಯೆ ಮಧ್ಯೆ ನಮ್ಮದು. ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದೆರಡು ಒಳ್ಳೆಯ ವಿಮಾನ ಆರಿಸಿ ಅದನ್ನೇ ಜಾಸ್ತಿ ಕೊಳ್ಳಬಹುದಿತ್ತಲ್ವಾ? ಈ ಕಲಸುಮೇಲೋಗರ ಯಾಕೆ? ನಾವೇ ಮಾಡಿದ್ದು ಯಾಕೆ ಇಷ್ಟು ಕಮ್ಮಿ? ಹಳೆಯ ವಿಮಾನಗಳು ಬೆಂಗಳೂರಿನಲ್ಲಿ ನೋಡಲು ಸಿಗುತ್ತವಾ?

ಉತ್ತರ: ಆ ಪಟ್ಟಿ ನೋಡಿದ ಯಾರಿಗೂ ಮೊದಲು ತಲೆ ತಿರುಗುತ್ತದೆ. ಅದನ್ನು ಯಾರೂ ಒಂದು ಕಡೆ ಕೂತು ಯೋಜನೆ ಹಾಕಿ ಬರೆದಿಲ್ಲ. ಅದರಲ್ಲಿರುವ ಪ್ರತಿ ವಿಮಾನದ ಎದುರು ಮೂರು ಪ್ರಶ್ನೆ ಹಾಕಿಕೊಳ್ಳಿ. ಆ ವರ್ಷ ನಮಗೆ ಮಾರಲು ಯಾರು ತಯಾರಿದ್ದರು? ದುಡ್ಡನ್ನು ಯಾವ ನಾಣ್ಯದಲ್ಲಿ ಕೇಳಿದರು? ಇಲ್ಲೇ ತಯಾರಿಸಲು ಬಿಟ್ಟರಾ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆ ವಿಮಾನ ಯಾಕೆ ಬಂತು ಅಂತ ತಾನಾಗಿ ಗೊತ್ತಾಗುತ್ತದೆ. ವಿಮಾನ ಎಷ್ಟು ಚೆನ್ನಾಗಿತ್ತು ಅನ್ನುವ ಪ್ರಶ್ನೆಯ ಸರದಿ ಎಷ್ಟೋ ಸಲ ಕೊನೆಗೇ ಬಂದಿದೆ.

ಶುರುವಿನಲ್ಲಿ ಆರಿಸುವ ಮಾತೇ ಇರಲಿಲ್ಲ. ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮುಂದಿನ ವರ್ಷ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಮೊದಲ ಸ್ಕ್ವಾಡ್ರನ್, ಅಂದರೆ ವಿಮಾನಗಳ ದಳ, ತಲೆಯೆತ್ತಿದಾಗ ಕೈಯಲ್ಲಿದ್ದದ್ದು ನಾಲ್ಕು ವಾಪಿಟಿ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮುಚ್ಚಳವಿಲ್ಲದ ಕಾಕ್‌ಪಿಟ್. ಬ್ರಿಟಿಷರು ಕೊಟ್ಟದ್ದನ್ನು ಹಾರಿಸಬೇಕು, ಅಷ್ಟೇ. ಎರಡನೇ ಮಹಾಯುದ್ಧದ ಹೊತ್ತಿಗೆ ಲೈಸಾಂಡರ್ ಬಂತು. ಸೈನ್ಯದ ಮೇಲೆ ಸುತ್ತಾಡಿ, ಶತ್ರು ಎಲ್ಲಿದ್ದಾನೆ ಅಂತ ನೋಡಿ ಹೇಳಲು ಮಾಡಿದ ನಿಧಾನದ ವಿಮಾನ ಅದು. 1942ರಲ್ಲಿ ಬರ್ಮಾದ ಟೌಂಗೂ ನೆಲೆಯಿಂದ ನಮ್ಮ ಪೈಲಟ್ ಜಂಬೋ ಮಜುಂದಾರ್ ಅದಕ್ಕೇ ಬಾಂಬು ಕಟ್ಟಿಕೊಂಡು ಹೋಗಿ ಜಪಾನಿಯರ ವಾಯುನೆಲೆಯ ಮೇಲೆ ಹಾಕಿ ಬಂದರು. ಕೆಲಸಕ್ಕೆ ತಕ್ಕ ವಿಮಾನ ಇಲ್ಲದಿದ್ದರೆ ಇರುವ ವಿಮಾನವನ್ನೇ ಕೆಲಸಕ್ಕೆ ಬಗ್ಗಿಸಿಕೊಳ್ಳುವ ಈ ಗುಣ ಮುಂದೆಯೂ ಕಾಣುತ್ತದೆ. ಆಮೇಲೆ ಹರಿಕೇನ್, ವೆಂಜೆನ್ಸ್, ಯುದ್ಧ ಮುಗಿಯುವ ಹೊತ್ತಿಗೆ ಸ್ಪಿಟ್‌ಫೈರ್.

ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳೂ ಆಗಿರಲಿಲ್ಲ, ಕಾಶ್ಮೀರದಲ್ಲಿ ಯುದ್ಧ. 1947ರ ಅಕ್ಟೋಬರ್ 27ರಂದು ಡಕೋಟಾ ಸಾಗಣೆ ವಿಮಾನಗಳು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದವು. ಮರು ವರ್ಷ ಮೇ ತಿಂಗಳಲ್ಲಿ ಮೆಹರ್ ಸಿಂಗ್ ಅದೇ ಡಕೋಟಾವನ್ನು ಲೇಹ್‌ನಲ್ಲಿ ಇಳಿಸಿದರು. ಆ ಎತ್ತರಕ್ಕೆ ಹೋಗಿ ಇಳಿಯಲು ಅದನ್ನು ಯಾರೂ ಮಾಡಿರಲಿಲ್ಲ.

ಇಲ್ಲಿ ಲಿಬರೇಟರ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲ. ಲಿಬರೇಟರ್ ಅಂದರೆ ಅಮೆರಿಕದ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್. ಯುದ್ಧ ಮುಗಿದ ಮೇಲೆ ಇವುಗಳನ್ನು ಕಾನ್ಪುರದಲ್ಲಿ ರಾಶಿ ಹಾಕಿ ಬಿಟ್ಟು ಹೋಗಿದ್ದರು. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಹಾಳು ಮಾಡಿದ್ದರು: ಮೈಯನ್ನು ಜಜ್ಜಿ, ಎಂಜಿನ್ನಿಗೆ ಮರಳು ಸುರಿದು. ನಮ್ಮ ಹೊಸ ವಾಯುಪಡೆಯಲ್ಲಿ ಒಂದೇ ಒಂದು ಭಾರೀ ಬಾಂಬರ್ ಇರಲಿಲ್ಲ. ಕೊಳ್ಳಲು ದುಡ್ಡೂ ಇರಲಿಲ್ಲ. ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು (ಈಗಿನ ಎಚ್‌ಎಎಲ್) ಈ ಗುಜರಿ ರಾಶಿಗೆ ಕೈ ಹಾಕಿದರು. ಅವರಿಗೆ ಕೆಲಸ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಆ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳ ರಿಪೇರಿ ನಡೆದಿತ್ತು.

ಒಂದರ ರೆಕ್ಕೆ, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನ್ ಅಂತ ಕೂಡಿಸಿ, ಕಾನ್ಪುರದಿಂದ ಬೆಂಗಳೂರಿನವರೆಗೆ ಹಾರಿದರೆ ಸಾಕು ಅನ್ನುವಷ್ಟು ಮಾತ್ರ ರಿಪೇರಿ ಅಲ್ಲಿ ಮಾಡುತ್ತಿದ್ದರು. ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಷಿ ಅವುಗಳನ್ನು ಹಾರಿಸಿಕೊಂಡು ಬರುತ್ತಿದ್ದರು. ಪೂರ್ತಿ ಕೆಲಸ ಇಲ್ಲಿ. ಹೀಗೆ ಸುಮಾರು 40 ವಿಮಾನಗಳಿಗೆ ಜೀವ ಬಂತು. 1948ರ ಕೊನೆಗೆ 5ನೇ ಸ್ಕ್ವಾಡ್ರನ್ ಇವುಗಳನ್ನು ಹಾರಿಸಲು ಶುರು ಮಾಡಿತು. ಸಮುದ್ರ ಕಾಯುವ ಕೆಲಸದಲ್ಲಿ ಕೊನೆಯ ಲಿಬರೇಟರ್‌ಗಳು 1968ರ ಕೊನೆಯವರೆಗೂ ಇದ್ದವು. ಆಮೇಲೆ ನಡೆದದ್ದು ಇನ್ನೂ ತಮಾಷೆ. ಜಗತ್ತಿನಲ್ಲಿ ಲಿಬರೇಟರ್‌ಗಳೇ ಹೆಚ್ಚು ಉಳಿದಿರಲಿಲ್ಲ. ಬ್ರಿಟನ್, ಅಮೆರಿಕದ ಮ್ಯೂಸಿಯಮ್‌ನವರು ನಮ್ಮ ಹತ್ತಿರ ಬಂದು ತೆಗೆದುಕೊಂಡು ಹೋದರು. ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್‌ನಲ್ಲಿದ್ದದ್ದು, ಅರಿಜೋನಾದ ಪಿಮಾ ಮ್ಯೂಸಿಯಮ್‌ನಲ್ಲಿರುವುದು, ಎರಡೂ ನಮ್ಮ ವಾಯುಪಡೆಯಲ್ಲಿ ದುಡಿದವೇ.

ಈಗ 1950ರ ದಶಕಕ್ಕೆ ಬನ್ನಿ. ಮೊದಲ ಜೆಟ್ ವ್ಯಾಂಪೈರ್ 1948ರಲ್ಲೇ ಬಂದಿತ್ತು, ಬ್ರಿಟಿಷ್ ವಿಮಾನ. ಆ ಕಾಲದಲ್ಲಿ ಬ್ರಿಟಿಷ್ ಸಾಮಾನು ಕೊಳ್ಳಲು ಒಂದು ಸರಳ ಕಾರಣವಿತ್ತು. ಯುದ್ಧಕಾಲದಲ್ಲಿ ಬ್ರಿಟನ್ ನಮಗೆ ಕೊಡಬೇಕಾಗಿ ಬಂದ ಬಾಕಿ ಪೌಂಡಿನ ಲೆಕ್ಕದಲ್ಲಿ ಲಂಡನ್ನಿನಲ್ಲೇ ಕೂತಿತ್ತು. ಆ ಪೌಂಡ್ ಖರ್ಚು ಮಾಡಬೇಕೆಂದರೆ ಅವರ ಅಂಗಡಿಗೇ ಹೋಗುವುದು ಸುಲಭ. ಆದರೆ ಒಂದೇ ಅಂಗಡಿಯವನ ಕೈಗೆ ಜುಟ್ಟು ಕೊಡುವುದು ಒಳ್ಳೆಯದಲ್ಲ ಅಂತ ಆಗಲೇ ದೆಹಲಿಗೆ ಅನಿಸಿತ್ತು. ಅದಕ್ಕೇ 1953ರಲ್ಲಿ ಫ್ರಾನ್ಸಿನ ತೂಫಾನಿ ಬಂತು, 1957ರಲ್ಲಿ ಮಿಸ್ಟೇರ್. ಅದೇ ಹೊತ್ತಿಗೆ ಅಮೆರಿಕ ಪಾಕಿಸ್ತಾನಕ್ಕೆ ಸೇಬರ್ ಜೆಟ್ ಯುದ್ಧವಿಮಾನ ಕೊಡತೊಡಗಿತು. ಅದಕ್ಕೆ ಎದುರಾಗಿ ಬ್ರಿಟನ್ನಿನಿಂದ ಹಂಟರ್, ಜೊತೆಗೆ ಕ್ಯಾನ್‌ಬೆರಾ ಬಾಂಬರ್. ಹಂಟರ್ 2001ರವರೆಗೆ ಹಾರಿತು. ಕ್ಯಾನ್‌ಬೆರಾ 2007ರವರೆಗೆ, ಅಂದರೆ ಐವತ್ತು ವರ್ಷ! ನಮ್ಮಲ್ಲಿ ವಿಮಾನ ಬಂದ ವರ್ಷಕ್ಕಿಂತ ಹೋದ ವರ್ಷವನ್ನು ನೋಡಿದರೆ ಜಾಸ್ತಿ ವಿಷಯ ತಿಳಿಯುತ್ತದೆ.

ನ್ಯಾಟ್ ಈ ಸಾಲಿನಲ್ಲಿ ಬೇರೆ ಜಾತಿಯದು. ಅದರ ರೆಕ್ಕೆ ತುದಿಯಿಂದ ತುದಿಗೆ 7 ಮೀಟರೂ ಇಲ್ಲ. ಬ್ರಿಟಿಷರೇ ಅದನ್ನು ಯುದ್ಧವಿಮಾನವಾಗಿ ಇಟ್ಟುಕೊಳ್ಳಲಿಲ್ಲ, ತರಬೇತಿಗೆ ಮಾತ್ರ ಬಳಸಿದರು. ನಮಗೆ ಅದು ಹಿಡಿಸಿದ್ದಕ್ಕೆ ಮುಖ್ಯ ಕಾರಣ ಬೆಲೆ ಕಮ್ಮಿ, ಮತ್ತು ಎಚ್‌ಎಎಲ್ ಅದನ್ನು ಬೆಂಗಳೂರಿನಲ್ಲೇ ಮಾಡಬಹುದಿತ್ತು. ಗನ್ ಸಿಕ್ಕಿಹಾಕಿಕೊಳ್ಳುವುದು, ಕಂಟ್ರೋಲ್ ಕೈಕೊಡುವುದು, ಎಲ್ಲ ತಾಪತ್ರಯವೂ ಇತ್ತು. ಆದರೂ ಪುಟ್ಟ ಮೈ, ಚುರುಕು ತಿರುವು. ದೂರದಿಂದ ಕಣ್ಣಿಗೆ ಬೀಳುವುದೇ ಕಷ್ಟ. 1965ರಲ್ಲಿ ಸೇಬರ್‌ಗಳ ಎದುರು ಅದು ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರ್‌ಗಳ ಗುಂಪನ್ನು ಒಬ್ಬರೇ ಎದುರಿಸಿ ಪ್ರಾಣ ಕೊಟ್ಟ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ನ್ಯಾಟ್. ವಾಯುಪಡೆಗೆ ಬಂದಿರುವ ಒಂದೇ ಪರಮವೀರ ಚಕ್ರ ಅವರದು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ನಮ್ಮದೇ ವಿಮಾನ ಯಾಕೆ ಕಮ್ಮಿ ಅನ್ನುವುದು. ಒಂದೇ ಶಬ್ದದಲ್ಲಿ ಹೇಳುವುದಾದರೆ: ಎಂಜಿನ್.

ತರಬೇತಿ ವಿಮಾನದಲ್ಲಿ ನಾವು ಬೇಗನೇ ಕಾಲೂರಿದೆವು. ವಿ. ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 1951ರಲ್ಲೇ ಹಾರಿತು. ತಲೆಮಾರುಗಟ್ಟಲೆ ಪೈಲಟ್‌ಗಳು ಅದರಲ್ಲೇ ಕಲಿತರು. ಆಮೇಲೆ ಕಿರಣ್ ಜೆಟ್ ಬಂತು. ಯುದ್ಧವಿಮಾನಕ್ಕೆ ನೆಹರೂ ಸರ್ಕಾರ ಜರ್ಮನಿಯ ಕುರ್ಟ್ ಟಾಂಕ್ ಅವರನ್ನು ಕರೆಸಿತು. ಮಹಾಯುದ್ಧದಲ್ಲಿ ಫೋಕೆವುಲ್ಫ್-190 ಮಾಡಿದವರು. 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಎಚ್‌ಎಫ್-24 ಮಾರುತ್ ವಿನ್ಯಾಸಕ್ಕೆ ಕೂತರು. ಅಷ್ಟು ದೊಡ್ಡ ಗಾಳಿ ಸುರಂಗ, ಕಂಪ್ಯೂಟರ್ ಏನೂ ಇಲ್ಲದ ಕಾಲ. ವಿನ್ಯಾಸ ಸರಿ ಇದೆಯಾ ಅಂತ ನೋಡಲು 1959ರಲ್ಲಿ ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. ಡಕೋಟಾ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿತ್ತು. ಪೈಲಟ್ ಎಂಜಿನ್ ಇಲ್ಲದೆ ತೇಲಿಸಿಕೊಂಡು ಇಳಿಸಬೇಕು. ನಿಜವಾದ ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು, ಹಾರಿಸಿದವರು ಸುರಂಜನ್ ದಾಸ್.

ನೋಡಲು ಅಷ್ಟು ಚಂದದ ವಿಮಾನ ಆಗ ಜಗತ್ತಿನಲ್ಲೇ ಕಮ್ಮಿ ಇತ್ತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಕನಸಿನಲ್ಲಿ ಮಾಡಿದ್ದ ಮೈ ಅದು. ಅದಕ್ಕೆ ತಕ್ಕ ಎಂಜಿನ್ ಅಂತ ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್-12. ಅದು ಇನ್ನೂ ತಯಾರಾಗಬೇಕಿತ್ತು. ಬೇರೆ ಗಿರಾಕಿಗಳು ಹಿಂದೆ ಸರಿದರು. ಅದನ್ನು ಮುಗಿಸಲು ನೀವು ದುಡ್ಡು ಹಾಕಿ ಅಂತ ಬ್ರಿಟಿಷ್ ಕಂಪನಿ ಕೇಳಿತು. ದೆಹಲಿ ಒಪ್ಪಲಿಲ್ಲ. ಕೊನೆಗೆ ನ್ಯಾಟ್‌ನಲ್ಲಿದ್ದ ಜಾತಿಯ ಚಿಕ್ಕ ಆರ್ಫಿಯಸ್ ಎಂಜಿನ್ ಎರಡನ್ನು ಕೂರಿಸಿದರು. ಶಬ್ದದ ವೇಗದ ಹತ್ತಿರ ಬಂದು ಏದುಸಿರು ಬಿಡುವ ವಿಮಾನ ಆಯಿತು. ಈಜಿಪ್ಟ್ ತನ್ನದೇ ಎಂಜಿನ್ ಮಾಡುತ್ತಿದೆ ಅಂತ ಒಂದು ಮಾರುತ್ ಅಲ್ಲಿಗೂ ಹೋಯಿತು. ಅದೂ ದಡ ಮುಟ್ಟಲಿಲ್ಲ. ಇದ್ದ ಎಂಜಿನ್ನಿಗೇ ರೀಹೀಟ್, ಅಂದರೆ ಹೊಗೆ ಹೋಗುವ ದಾರಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಏರ್ಪಾಟು, ಸೇರಿಸಲು ನೋಡಿದರು. ಆ ಪರೀಕ್ಷೆಯಲ್ಲಿದ್ದ ವಿಮಾನ 1970ರ ಜನವರಿ 10ರಂದು ಬಿತ್ತು. ಸುರಂಜನ್ ದಾಸ್ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ ಸುರಂಜನದಾಸ್ ರಸ್ತೆ ಅವರ ಹೆಸರಿನದು. ದಿನಾ ಆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಎಷ್ಟು ಮಂದಿಗೆ ಇದು ಗೊತ್ತು!

ಹಾಗಂತ ಮಾರುತ್ ನಿಷ್ಪ್ರಯೋಜಕ ಅಂತಲ್ಲ. 147 ವಿಮಾನ ತಯಾರಾದವು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಕ್ಕೆ ಹತ್ತಿರ ಹಾರಿ ಹೊಡೆಯುವ ಕೆಲಸ ಚೆನ್ನಾಗಿಯೇ ಮಾಡಿತು. ಒಂದು ಎಂಜಿನ್ನಿಗೆ ಏಟು ಬಿದ್ದರೂ ಇನ್ನೊಂದರ ಮೇಲೆ ವಾಪಸ್ ಬಂದವು ಇವೆ. ನನ್ನ ಪ್ರಕಾರ ನಿಜವಾದ ನಷ್ಟ ಆಮೇಲೆ ಆದದ್ದು. ಮಾರುತ್ ಮಾಡಿ ಕಲಿತವರನ್ನು ಮುಂದಿನ ವಿಮಾನಕ್ಕೆ ಹಚ್ಚಲಿಲ್ಲ. ಅವರು ನಿವೃತ್ತರಾದರು, ಬೇರೆ ಕೆಲಸಕ್ಕೆ ಹೋದರು. 1983ರಲ್ಲಿ ನಮ್ಮದೇ ಯುದ್ಧವಿಮಾನ ತೇಜಸ್ ಯೋಜನೆಗೆ ಒಪ್ಪಿಗೆ ಸಿಕ್ಕಾಗ ಎಷ್ಟೋ ವಿಷಯ ಅ ಆ ಇ ಈಯಿಂದ ಶುರು ಮಾಡಬೇಕಾಯಿತು.

ಮಾರುತ್ ಎಂಜಿನ್ ಹುಡುಕುತ್ತಾ ಕೂತಿದ್ದಾಗಲೇ ಮಿಗ್-21 ಬಂತು. ಪಾಕಿಸ್ತಾನಕ್ಕೆ ಅಮೆರಿಕ ಸ್ಟಾರ್‌ಫೈಟರ್ ಕೊಟ್ಟಿತ್ತು. ನಮಗೂ ಶಬ್ದಕ್ಕಿಂತ ವೇಗದ ವಿಮಾನ ಬೇಕು. ಸೋವಿಯತ್ ರಷ್ಯಾ ಎಲ್ಲರಿಗಿಂತ ಒಳ್ಳೆಯ ಮಾತು ಆಡಿತು: ದುಡ್ಡು ರೂಪಾಯಿಯಲ್ಲಿ ಕೊಡಿ, ನಿಧಾನಕ್ಕೆ ಕೊಡಿ, ನಿಮ್ಮಲ್ಲೇ ಮಾಡಿಕೊಳ್ಳಿ. ಡಾಲರ್, ಪೌಂಡ್ ಎರಡಕ್ಕೂ ಬರ ಇದ್ದ ದೇಶಕ್ಕೆ ಇದಕ್ಕಿಂತ ಏನು ಬೇಕು? 1963ರಲ್ಲಿ ಮೊದಲ ವಿಮಾನಗಳು ಚಂಡೀಗಢಕ್ಕೆ ಬಂದವು. ಮೈ ನಾಸಿಕ್‌ನಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಹೈದರಾಬಾದಿನಲ್ಲಿ ತಯಾರಾಗತೊಡಗಿತು. 1965ರ ಯುದ್ಧದಲ್ಲಿ ಬ್ರಿಟನ್ ನಮಗೆ ಆಯುಧ ನಿಲ್ಲಿಸಿದ್ದು ನೋಡಿದ ಮೇಲಂತೂ ರಷ್ಯಾದ ಕಡೆ ವಾಲಿದ್ದು ಸಹಜ. ಒಟ್ಟು 870ಕ್ಕೂ ಜಾಸ್ತಿ ಮಿಗ್-21 ಬಂದವು, ಅದರಲ್ಲಿ 600ಕ್ಕೂ ಹೆಚ್ಚು ಇಲ್ಲೇ ತಯಾರಾದವು. ಅಂದರೆ ನೀವು ಕೇಳಿದ ಹಾಗೆ ಒಂದೇ ವಿಮಾನವನ್ನು ರಾಶಿ ರಾಶಿ ಕೊಂಡದ್ದೂ ಇದೆ!

ಅದರ ಫಲ ಎರಡೂ ಬಗೆಯದು. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಬಂಗಲೆಗೆ ರಾಕೆಟ್ ಹೊಡೆದದ್ದು ಮಿಗ್-21ಗಳು. ಗವರ್ನರ್ ಅದೇ ದಿನ ರಾಜೀನಾಮೆ ಕೊಟ್ಟರು. ಇನ್ನೊಂದು ಕಡೆ ಅಪಘಾತಗಳು. ತ್ರಿಕೋನದ ಚಿಕ್ಕ ರೆಕ್ಕೆಯ ಈ ವಿಮಾನ ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಬರುತ್ತದೆ. ಒಂದೇ ಎಂಜಿನ್. ಕಿರಣ್‌ನಂಥ ಸಾಧು ವಿಮಾನದಲ್ಲಿ ಕಲಿತ ಹುಡುಗರಿಗೆ ಇದು ಹೊಸ ಲೋಕ. ನಡುವೆ ಒಂದು ಮುಂದುವರಿದ ತರಬೇತಿ ಜೆಟ್ ಬೇಕು ಅಂತ 1980ರ ದಶಕದಲ್ಲೇ ಹೇಳಿದ್ದರು. ಆ ಜೆಟ್, ಹಾಕ್, ನಮ್ಮ ಬೀದರ್ ನೆಲೆಗೆ ಬಂದದ್ದು 2008ರಲ್ಲಿ. ನಡುವಿನ ವರ್ಷಗಳಲ್ಲಿ ಹೋದ ಜೀವಗಳಿಗೆ ಯಾರು ಲೆಕ್ಕ ಕೊಡಬೇಕು? 2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಹೇಳಿದ ಪ್ರಕಾರ, ಕೊಂಡ 872 ಮಿಗ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತದಲ್ಲೇ ಹೋಗಿದ್ದವು. ವಿಮಾನ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬದಲಿ ವಿಮಾನ ಬರುವುದು ತಡವಾಯಿತು ಅಂತ ಅದರ ಆಯುಸ್ಸನ್ನು ಎಳೆದೆಳೆದು ಉದ್ದ ಮಾಡಿದ್ದೇ ತಪ್ಪು. 2019ರಲ್ಲಿ ಅಭಿನಂದನ್ ಹಾರಿಸಿದ್ದೂ ಇದರ ಬೈಸನ್ ರೂಪವನ್ನೇ. ಕೊನೆಗೆ 2025ರ ಸೆಪ್ಟೆಂಬರ್ 26ರಂದು, ಶುರುವಾದ ಚಂಡೀಗಢದಲ್ಲೇ ಬೀಳ್ಕೊಟ್ಟರು.

1980ರ ದಶಕ ನೀವು ಹೇಳಿದ ಕಲಸುಮೇಲೋಗರ ಗಟ್ಟಿಯಾದ ಕಾಲ. ದೂರ ಹೋಗಿ ಹೊಡೆಯಲು 1979ರಲ್ಲಿ ಬ್ರಿಟಿಷ್-ಫ್ರೆಂಚ್ ಜಾಗ್ವಾರ್. ಪಾಕಿಸ್ತಾನಕ್ಕೆ ಎಫ್-16 ಸಿಕ್ಕಿತು ಅಂತ 1985ರಲ್ಲಿ ಮಿರಾಜ್-2000, ಅದರ ಹಿಂದೆಯೇ ಮಿಗ್-29. ಇವುಗಳ ಜೊತೆ ಮಿಗ್-23, 25, 27. ಇಷ್ಟೊಂದನ್ನು ಸಾಕುವುದು ಮೆಕ್ಯಾನಿಕ್‌ಗಳಿಗೆ ಎಂಥ ತಲೆನೋವು ಅಂತ ಊಹಿಸಿ. ಒಂದಕ್ಕೆ ಅಳತೆ ಇಂಚಿನಲ್ಲಿ, ಇನ್ನೊಂದಕ್ಕೆ ಮಿಲಿಮೀಟರಿನಲ್ಲಿ. ಒಂದರ ಪುಸ್ತಕ ರಷ್ಯನ್, ಇನ್ನೊಂದರದು ಫ್ರೆಂಚ್. ಒಂದರ ಸ್ಪ್ಯಾನರ್ ಇನ್ನೊಂದರ ಬೋಲ್ಟಿಗೆ ಕೂರುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಈ ತಲೆನೋವು ಜ್ವರವೇ ಆಯಿತು. ಎಎನ್-32 ಸಾಗಣೆ ವಿಮಾನ ಮಾಡಿದ ಕೀವ್ ಈಗ ಉಕ್ರೇನಿನಲ್ಲಿ, ಐಎಲ್-76 ಮಾಡಿದ ತಾಷ್ಕೆಂಟ್ ಈಗ ಉಜ್ಬೇಕಿಸ್ತಾನದಲ್ಲಿ. ಒಂದು ದೇಶದಿಂದ ಕೊಂಡ ವಿಮಾನದ ಬಿಡಿಭಾಗಕ್ಕೆ ಮೂರು ದೇಶದ ಬಾಗಿಲು ತಟ್ಟಬೇಕಾಯಿತು. ಇವತ್ತು ಜಗತ್ತಿನಲ್ಲಿ ಜಾಗ್ವಾರ್ ಹಾರಿಸುತ್ತಿರುವುದು ನಾವೊಬ್ಬರೇ. ಬೇರೆಯವರು ನಿಲ್ಲಿಸಿದ ವಿಮಾನಗಳನ್ನು ತರಿಸಿ ಬಿಚ್ಚಿ ಭಾಗ ತೆಗೆದುಕೊಳ್ಳುತ್ತಿದ್ದೇವೆ. ಲಿಬರೇಟರ್ ಕಾಲದ ವಿದ್ಯೆ ಇನ್ನೂ ಕೈಬಿಟ್ಟಿಲ್ಲ ಅನ್ನಿ.

ಆದರೂ ಬೇರೆ ಬೇರೆ ಅಂಗಡಿಯಿಂದ ತಂದದ್ದರಲ್ಲಿ ಲಾಭ ಇಲ್ಲವೇ ಇಲ್ಲ ಅನ್ನಲಾಗದು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ತುದಿಗೆ ಗುರಿಯಿಟ್ಟು ಲೇಸರ್ ಬಾಂಬು ಹಾಕುವ ಕೆಲಸ ಬಂದಾಗ ಮಿಗ್‌ಗಳಿಂದ ಆಗಲಿಲ್ಲ, ಮಿರಾಜ್ ಮಾಡಿತು. ಹಿಂದಿನ ವರ್ಷವಷ್ಟೇ ಪೋಖ್ರಾನ್ ಪರೀಕ್ಷೆಗಾಗಿ ಅಮೆರಿಕ ನಿರ್ಬಂಧ ಹಾಕಿತ್ತು. ನಮ್ಮ ವಿಮಾನಗಳೆಲ್ಲ ಅಮೆರಿಕದ್ದೇ ಆಗಿದ್ದರೆ? ಒಬ್ಬ ಮುನಿಸಿಕೊಂಡರೆ ಎಲ್ಲವೂ ನೆಲದ ಮೇಲೆ.

ಸಾಗಣೆ ವಿಮಾನಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಎರಡು ಮಾತು ಹೇಳದೆ ಇರಲಾರೆ. 1950ರ ದಶಕದಲ್ಲಿ ಬಂದ ಅಮೆರಿಕದ ಪ್ಯಾಕೆಟ್ ವಿಮಾನಕ್ಕೆ ಹಿಮಾಲಯದ ತೆಳು ಗಾಳಿಯಲ್ಲಿ ಬಲ ಸಾಲುತ್ತಿರಲಿಲ್ಲ. ಅದರ ಬೆನ್ನ ಮೇಲೆ ಹೆಚ್ಚುವರಿಯಾಗಿ ಒಂದು ಜೆಟ್ ಎಂಜಿನ್ ಕೂರಿಸಿದರು. 1962ರಲ್ಲಿ ಅದು ಸುಮಾರು 5,000 ಮೀಟರ್ ಎತ್ತರದಲ್ಲಿರುವ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. 2013ರಲ್ಲಿ ಅದೇ ಜಾಗದಲ್ಲಿ ಸಿ-130ಜೆ ಸಾಗಣೆ ವಿಮಾನ ಇಳಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಪ್ಯಾಕೆಟ್ ಮಾತ್ರ ಯಾರಿಗೂ ನೆನಪಾಗಲಿಲ್ಲ. ಇನ್ನು ಎಎನ್-12. ಸಾಮಾನು ಸಾಗಿಸುವ ಈ ರಷ್ಯನ್ ವಿಮಾನವನ್ನು 1971ರಲ್ಲಿ ರಾತ್ರಿ ಹೊತ್ತು ಬಾಂಬರ್ ಮಾಡಿಬಿಟ್ಟರು. ಒಳಗೆ ಬಾಂಬುಗಳನ್ನು ಸಾಲಾಗಿ ಜೋಡಿಸಿ, ಗುರಿಯ ಮೇಲೆ ಬಂದಾಗ ಹಿಂದಿನ ಬಾಗಿಲಿನಿಂದ ಹೊರಕ್ಕೆ ತಳ್ಳುವುದು. ಮಜುಂದಾರರ ಲೈಸಾಂಡರ್ ನೆನಪಾಗುತ್ತದೆ, ಅಲ್ವಾ?

ಈಗಿನ ಸ್ಥಿತಿ ಚುಟುಕಾಗಿ. ಬೆನ್ನೆಲುಬು ಸುಖೋಯ್-30 ಎಂಕೆಐ, 270ರ ಆಸುಪಾಸು ಕೊಂಡದ್ದು, ಹೆಚ್ಚಿನವು ನಾಸಿಕ್‌ನಲ್ಲಿ ಜೋಡಿಸಿದ್ದು. ಮೈ ರಷ್ಯಾದ್ದು, ಒಳಗಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಫ್ರಾನ್ಸ್, ಇಸ್ರೇಲ್, ಭಾರತದ್ದೂ ಸೇರಿದೆ. ಮೊದಲು ಬೇರೆ ಬೇರೆ ವಿಮಾನ ಕೊಂಡು ಬೆರೆಸುತ್ತಿದ್ದವರು ಈಗ ಒಂದೇ ವಿಮಾನದೊಳಗೆ ಬೆರೆಸಲು ಕಲಿತೆವು. ಇದು ಜಾಣತನ ಅಂತಲೇ ನನ್ನ ಅಭಿಪ್ರಾಯ. 36 ರಫೇಲ್ ಇವೆ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿ, 2016ರಲ್ಲಿ ಸ್ಕ್ವಾಡ್ರನ್ ಸೇರಿತು. ಅದರ ಎಂಜಿನ್ ಅಮೆರಿಕದ ಎಫ್-404. ಬೆಂಗಳೂರಿನಲ್ಲೇ ಅಭಿವೃದ್ಧಿ ಮಾಡಿದ ಕಾವೇರಿ ಎಂಜಿನ್ ಅದಕ್ಕೆ ಬೇಕಾದಷ್ಟು ಬಲ ಕೊಡಲಿಲ್ಲ. 2021ರಲ್ಲಿ 83 ಹೊಸ ತೇಜಸ್‌ಗೆ ಆರ್ಡರ್ ಕೊಟ್ಟರು. ಅವಕ್ಕೆ ಬೇಕಾದ ಎಂಜಿನ್‌ಗಳಲ್ಲಿ ಮೊದಲನೆಯದನ್ನು ಅಮೆರಿಕದ ಕಂಪನಿ ಒಪ್ಪಿಸಿದ್ದು 2025ರ ಮಾರ್ಚಿನಲ್ಲಿ. ಆರ್ಫಿಯಸ್ ಕಾಲದ ಗಂಟು ಇನ್ನೂ ಬಿಚ್ಚಿಲ್ಲ. ಮಿಗ್-21 ಹೋದ ಮೇಲೆ ಸ್ಕ್ವಾಡ್ರನ್‌ಗಳ ಸಂಖ್ಯೆ 29ಕ್ಕೆ ಇಳಿದಿದೆ, ಮಂಜೂರಾಗಿರುವುದು 42. ಹಾಗಾಗಿ ಪಟ್ಟಿಗೆ ಇನ್ನೂ ಒಂದೆರಡು ಹೊಸ ಹೆಸರು ಸೇರಿದರೆ ಆಶ್ಚರ್ಯಪಡಬೇಡಿ.

ನೋಡಲು ಎಲ್ಲಿ ಸಿಗುತ್ತವೆ ಅಂತ ಕೇಳಿದಿರಿ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್‌ಗೆ ಹೋಗಿ. ಮಾರುತ್, ಕಿರಣ್ ಅಲ್ಲಿವೆ, ಹತ್ತಿರ ನಿಂತು ನೋಡಬಹುದು. ಅಷ್ಟು ದೂರ ಆಗದಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ ಅಂಗಳದಲ್ಲೂ ಒಂದು ಮಾರುತ್ ನಿಂತಿದೆ. ಅದರ ಹಿಂಬದಿಗೆ ಹೋಗಿ ಎರಡು ಎಂಜಿನ್ನುಗಳ ಬಾಯಿಯ ಅಗಲ ನೋಡಿ. ಆಮೇಲೆ ಅಷ್ಟು ಉದ್ದದ ಮೈ ನೋಡಿ. ನಾನು ಮೇಲೆ ಬರೆದದ್ದು ಕಣ್ಣಿಗೇ ಕಾಣುತ್ತದೆ. ದೆಹಲಿಗೆ ಹೋಗುವುದಿದ್ದರೆ ಪಾಲಂನ ವಾಯುಪಡೆ ಮ್ಯೂಸಿಯಮ್ ಬಿಡಬೇಡಿ. ವಾಪಿಟಿ, ಲೈಸಾಂಡರ್, ಲಿಬರೇಟರ್ ಮೂರೂ ಅಲ್ಲಿವೆ.